ಬಹುಕಾಲದ ಚಿಂತೆಯೂ ಸ್ತ್ರೀಯರ ದೇಹಾರೋಗ್ಯವೂ

ಚಿತೆ ಎಂಬ ಮಾತಿಗೂ ಚಿಂತೆ ಎಂಬ ಮಾತಿಗೂ ಒಂದು ಸೊನ್ನೆಯ ಭೇದ ಮಾತ್ರವೇ ಉಂಟೆಂದೂ, ಚಿತೆಯು ಸತ್ತವರನ್ನು ಸುಡುವದು, ಚಿಂತೆಯಾದರೋ ಬದುಕಿರುವವರನ್ನು ಸುಡುವದೆಂದೂ ನಮ್ಮ ಹಿರಿಯರು ಹೇಳುವದುಂಟು. ಇದನ್ನು ನಾವು ಗಾದೆಯೆಂದು ಕೇಳಿ ಬಿಟ್ಟುಬಿಡುತ್ತೇವೆ. ಆದರೆ ಇದು ಬರೀ ಗಾದೆಯಲ್ಲ. ಮನಸ್ಸಿನ ಭಾರವು ಬಹುಕಾಲ ಇಳಿಯದೆ ನಿಂತರೆ ಅದು ಶರೀರವನ್ನೇ ಕೆಡಿಸುತ್ತದೆಂದು ವೈದ್ಯಶಾಸ್ತ್ರದವರು ಕಳೆದ ನೂರು ವರುಷಗಳಲ್ಲಿ ಶೋಧಿಸಿ ತಿಳಿದಿದ್ದಾರೆ. ಪಟ್ಟಣದವರು ಇದನ್ನು ಮಾನಸಿಕ ಒತ್ತಡವೆಂದು ಕರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿಯೂ ಟೆನ್ಶನ್ ಎಂಬ ಮಾತು ಈಗ ಎಲ್ಲರ ಬಾಯಲ್ಲಿ ಇದೆ. ಈ ಪಾಠದಲ್ಲಿ ನಾವು ಅದಕ್ಕೆ ಮನೋಭಾರವೆಂದು ಹೆಸರಿಡೋಣ. ಅದು ಏನು, ಹೆಂಗಸರ ದೇಹದಲ್ಲಿ ಏನು ಮಾಡುತ್ತದೆ, ಅದನ್ನು ಇಳಿಸುವ ಬಗೆ ಯಾವದು ಎಂಬೀ ಮೂರು ಸಂಗತಿಗಳನ್ನು ಕ್ರಮವಾಗಿ ವಿಚಾರಿಸೋಣ. ಇದು ಸ್ತ್ರೀಯರ ಪಾಠವೆಂದು ಗಂಡಸರು ಈ ಹಾಳೆಯನ್ನು ಮಗುಚಿಬಿಡಬಾರದು. ಯಾಕಂದರೆ ಇದರ ಅರ್ಧ ಭಾಗವು ಅವರಿಗಾಗಿಯೇ ಬರೆಯಲ್ಪಟ್ಟಿದೆ.

1. ಒಂದು ಮನೆಯ ಚಿತ್ರ

ಸುಮಾರು ಮೂವತ್ತೈದು ವರುಷದ ಒಬ್ಬ ತಾಯಿಯನ್ನು ನೆನಸಿರಿ. ಇವಳ ಹೆಸರು ಯಾವದೆಂದು ಕೇಳಬೇಡಿರಿ. ನಮ್ಮ ಪ್ರತಿಯೊಂದು ಕೇರಿಯಲ್ಲಿಯೂ ಇಂಥವಳು ಒಬ್ಬಳಿದ್ದಾಳೆ. ಕೋಳಿ ಕೂಗುವದಕ್ಕೆ ಮೊದಲೇ ಎದ್ದು ಕೊಟ್ಟಿಗೆಯನ್ನು ಗುಡಿಸಿ, ನೀರು ತಂದು, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಹೊತ್ತೇರುವದರೊಳಗೆ ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ಸಾಯಂಕಾಲ ಹಿಂದಿರುಗುವಾಗ ಸೌದೆಯ ಹೊರೆಯು ತಲೆಯ ಮೇಲಿರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾಳೆ. ಗಂಡನು ಕೆಟ್ಟವನಲ್ಲ, ಆದರೆ ಕೂಲಿ ಸಿಕ್ಕಿದ ದಿನ ಹೆಂಡದಂಗಡಿಯ ದಾರಿಯಿಂದಲೇ ಮನೆಗೆ ಬರುತ್ತಾನೆ. ಮಗಳ ಓದಿಗಾಗಿ ತೆಗೆದ ಸಾಲದ ಕಂತು ವಾರಕ್ಕೊಮ್ಮೆ ತಪ್ಪದೆ ಬಾಗಿಲಿಗೆ ಬರುತ್ತದೆ.

ಒಂದು ವರುಷದಿಂದ ಇವಳಿಗೆ ತಲೆನೋವು. ಕುತ್ತಿಗೆಯೂ ಹೆಗಲೂ ಕಲ್ಲಿನಂತೆ ಬಿಗಿದಿರುತ್ತವೆ. ರಾತ್ರಿ ಮಲಗಿದರೆ ಎದೆ ಡವಡವನೆ ಬಡಿಯುತ್ತದೆ, ನಿದ್ರೆ ಬರುವದಿಲ್ಲ. ಉಂಡದ್ದು ಎದೆಯಲ್ಲಿ ಉರಿಯುತ್ತದೆ. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಬಾರದು. ಮೊದಲು ಹಾಡುತ್ತಾ ಕೆಲಸ ಮಾಡುತ್ತಿದ್ದವಳು ಈಗ ಸಣ್ಣ ಮಾತಿಗೂ ಮಗುವನ್ನು ಗದರಿಸಿ ಆಮೇಲೆ ಒಲೆಯ ಮುಂದೆ ಕುಳಿತು ಅಳುತ್ತಾಳೆ.

ಇದಕ್ಕೆ ಜನರು ಹೇಳುವದೇನು? ಗಂಡನು, ಇದು ಸೋಮಾರಿತನ ಅನ್ನುತ್ತಾನೆ. ಅತ್ತೆಯು, ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಕಷ್ಟಪಟ್ಟೆವು, ಇಂಥ ನೋವು ಕಾಣಲಿಲ್ಲ ಅನ್ನುತ್ತಾಳೆ. ನೆರೆಯವಳು, ಗಾಳಿ ಸೋಕಿದೆ, ಯಂತ್ರ ಕಟ್ಟಿಸು ಅನ್ನುತ್ತಾಳೆ. ಸಭೆಯ ಹಿರಿಯನೊಬ್ಬನು, ನಿನಗೆ ನಂಬಿಕೆ ಸಾಲದು, ತಾಳಿಕೋ ಅನ್ನುತ್ತಾನೆ. ಅಂಗಡಿಯವನು ನೋವಿನ ಗುಳಿಗೆಯನ್ನು ಕೊಡುತ್ತಾನೆ. ಐದು ಮಂದಿಯೂ ಉತ್ತರ ಹೇಳಿದರು. ಆದರೆ, ನಿನ್ನ ಮೇಲೆ ಎಷ್ಟು ಭಾರವಿದೆ ಎಂದು ಒಬ್ಬರಾದರೂ ಕೇಳಲಿಲ್ಲ. ಈ ಪ್ರಶ್ನೆಯನ್ನು ಕೇಳುವದಕ್ಕೆ ಕಲಿಯುವದೇ ಈ ಪಾಠದ ಉದ್ದೇಶವಾಗಿದೆ.

2. ಶರೀರದೊಳಗೆ ನಡೆಯುವದೇನು?

ಒಂದು ಊರಿನಲ್ಲಿ ಹಗಲುಹೊತ್ತು ಗುಡಿಸಲಿಗೆ ಬೆಂಕಿ ಬಿದ್ದು ತಮ್ಮಟೆ ಬಡಿಯಲ್ಪಟ್ಟಿತೆಂದು ತಿಳಿಯಿರಿ. ಉಳುವವನು ನೇಗಿಲನ್ನು ಬಿಡುವನು, ನೇಯುವವನು ಮಗ್ಗವನ್ನು ಬಿಡುವನು, ಬಾವಿಯ ಕಟ್ಟೆ ಕಟ್ಟುತ್ತಿದ್ದವನು ಕರಣೆಯನ್ನು ಎಸೆದು ಓಡುವನು. ಕೊಡವಿದ್ದವರೆಲ್ಲರೂ ಬೆಂಕಿಯ ಕಡೆಗೆ ಧಾವಿಸುವರು. ಬೆಂಕಿ ಆರಿದ ಮೇಲೆ ಪ್ರತಿಯೊಬ್ಬನು ತನ್ನ ಕೆಲಸಕ್ಕೆ ತಿರುಗಿ ಹೋಗುವನು. ಇದು ಒಳ್ಳೇ ಏರ್ಪಾಡು. ಇದಿಲ್ಲದಿದ್ದರೆ ಊರೇ ಸುಟ್ಟುಹೋಗುವದು.

ನಮ್ಮ ಶರೀರದಲ್ಲಿಯೂ ಇಂಥ ತಮ್ಮಟೆ ಉಂಟು. ಹಾವನ್ನು ಕಂಡಾಗ, ಮಗು ಬಾವಿಯ ಕಡೆಗೆ ಓಡಿದಾಗ, ಮೆದುಳಿನಿಂದ ಅಪ್ಪಣೆ ಹೊರಟು, ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯ ಹಾಗೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳಿಗೆ ತಲುಪುತ್ತದೆ. ಅವುಗಳಿಂದ ಅಡ್ರಿನಲಿನ್ ಎಂಬ ರಸವು ಕ್ಷಣಮಾತ್ರದಲ್ಲಿಯೂ, ಕಾರ್ಟಿಸೋಲ್ ಎಂಬ ರಸವು ಸ್ವಲ್ಪ ತಡವಾಗಿಯೂ ರಕ್ತಕ್ಕೆ ಸೇರುತ್ತವೆ. ಆಗ ಹೃದಯವು ವೇಗವಾಗಿ ಬಡಿಯುತ್ತದೆ, ರಕ್ತದ ಒತ್ತಡ ಏರುತ್ತದೆ, ಕೂಡಿಸಿಟ್ಟ ಸಕ್ಕರೆಯು ರಕ್ತಕ್ಕೆ ಬಿಡಲ್ಪಡುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ. ಜೀರ್ಣಿಸುವ ಕೆಲಸವೂ, ಸಂತಾನದ ಕೆಲಸವೂ, ಇವುಗಳಂತೆ ಇನ್ನೂ ಕೆಲವು ನಿಧಾನವಾದ ಕೆಲಸಗಳೂ ಹಿಂದೆ ಬೀಳುತ್ತವೆ. ಯಾಕಂದರೆ ಬೆಂಕಿ ಬಿದ್ದಾಗ ಬಾವಿಯ ಕಟ್ಟೆ ಕಟ್ಟುವವನು ಯಾರು?

ಅಮೇರಿಕದ ವಾಲ್ಟರ್ ಕ್ಯಾನನ್ ಎಂಬ ಪಂಡಿತನು ಬೆಕ್ಕಿನ ಹೊಟ್ಟೆಯನ್ನು ಕ್ಷ-ಕಿರಣದಿಂದ ನೋಡುತ್ತಿದ್ದಾಗ, ಬೆಕ್ಕಿಗೆ ಕಳವಳವಾದ ಕೂಡಲೇ ಅದರ ಹೊಟ್ಟೆಯ ಚಲನೆ ನಿಂತುಹೋಗುವದನ್ನು ಕಂಡನು. ಭಯದಿಂದಲೂ ಕೋಪದಿಂದಲೂ ದೇಹದಲ್ಲಾಗುವ ಮಾರ್ಪಾಡುಗಳ ವಿಷಯದಲ್ಲಿ ಅವನು 1915ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಆ ಮೇಲೆ 1936ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬವನು ಇಲಿಗಳ ಮೇಲೆ ಮಾಡಿದ ಶೋಧನೆಯನ್ನು ಲೋಕಕ್ಕೆ ತಿಳಿಸಿದನು. ಅದೇನೆಂದರೆ, ಇಲಿಗೆ ಕಷ್ಟ ಕೊಟ್ಟದ್ದು ಚಳಿಯಾಗಲಿ, ಗಾಯವಾಗಲಿ, ಮಿತಿಮೀರಿದ ದುಡಿತವಾಗಲಿ, ಅದರ ದೇಹದಲ್ಲಾದ ಕೇಡು ಒಂದೇ ವಿಧವಾಗಿತ್ತು. ಮೂತ್ರಪಿಂಡದ ಮೇಲಿನ ಆ ಗ್ರಂಥಿಗಳು ಉಬ್ಬಿದ್ದವು, ರೋಗವನ್ನು ತಡೆಯುವ ಅಂಗಗಳು ಸೊರಗಿದ್ದವು, ಹೊಟ್ಟೆಯಲ್ಲಿ ಹುಣ್ಣುಗಳಾಗಿದ್ದವು. ಕಷ್ಟಗಳು ಬೇರೆ ಬೇರೆಯಾದರೂ ಶರೀರವು ಬಡಿಯುವ ತಮ್ಮಟೆ ಒಂದೇ ಎಂಬದು ಇದರಿಂದ ತಿಳಿದುಬಂತು.

ಹಾಗಾದರೆ ಕೇಡು ಎಲ್ಲಿದೆ? ತಮ್ಮಟೆ ಬಡಿಯುವದರಲ್ಲಿ ಇಲ್ಲ. ಅದು ನಿಲ್ಲದಿರುವದರಲ್ಲಿ ಇದೆ. ಹಾವು ಹರಿದು ಹೋಗುತ್ತದೆ, ಆದರೆ ಸಾಲವು ಹೋಗುವದಿಲ್ಲ. ಕುಡಿದ ಗಂಡನ ಹೆಜ್ಜೆಯ ಸಪ್ಪಳವನ್ನು ದಿನಾಲೂ ಕಿವಿಗೊಟ್ಟು ಕಾಯುವವಳ ದೇಹದಲ್ಲಿ ತಮ್ಮಟೆಯು ದಿನಾಲೂ ಬಡಿಯುತ್ತದೆ. ವರುಷವೆಲ್ಲಾ ಬೆಂಕಿಯ ಕೂಗು ಏಳುವ ಊರಿನಲ್ಲಿ ಹೊಲವು ಬೀಳು ಬೀಳುವದು, ಬಾವಿ ಕುಸಿಯುವದು, ಮಗ್ಗವು ಧೂಳು ಹಿಡಿಯುವದು. ಬಹುಕಾಲದ ಮನೋಭಾರವೆಂದರೆ ಇದೇ.

3. ಸ್ತ್ರೀಯರ ದೇಹದಲ್ಲಿ ಕಾಣುವ ಗುರುತುಗಳು

ಮೊದಲನೆಯದು, ತಲೆ ಮತ್ತು ಕುತ್ತಿಗೆ. ಬಿಗಿದ ಮಾಂಸಖಂಡಗಳು ಸಡಿಲವಾಗದೆ ಇರುವದರಿಂದ ಹಣೆಗೆ ಪಟ್ಟಿ ಕಟ್ಟಿದಂಥ ನೋವು ಉಂಟಾಗುತ್ತದೆ. ಅರೆತಲೆಶೂಲೆಯು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಮನೋಭಾರವು ಅದನ್ನು ಕೆರಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಂಗಡಿಯ ಗುಳಿಗೆಯನ್ನು ದಿನಾಲೂ ನುಂಗುವವರಿಗೆ ಆ ಗುಳಿಗೆಯಿಂದಲೇ ತಲೆನೋವು ನಿತ್ಯವಾಗಬಹುದು. ಹೊಟ್ಟೆಗೂ ಮೂತ್ರಪಿಂಡಗಳಿಗೂ ಕೇಡಾಗಬಹುದು.

ಎರಡನೆಯದು, ನಿದ್ರೆ. ಕಾರ್ಟಿಸೋಲ್ ಎಂಬ ರಸವು ಮುಂಜಾನೆ ಏರಿ ರಾತ್ರಿ ಇಳಿಯತಕ್ಕದ್ದು. ರಾತ್ರಿಯಲ್ಲಿಯೂ ಇಳಿಯದಿದ್ದರೆ ಕಣ್ಣು ಮುಚ್ಚಿದರೂ ನಿದ್ರೆ ಬಾರದು, ಬಂದರೂ ನಡುರಾತ್ರಿಯಲ್ಲಿ ಎಚ್ಚರವಾಗುವದು. ನಿದ್ರೆಗೆಟ್ಟವಳಿಗೆ ಮರುದಿನದ ಭಾರವು ಎರಡರಷ್ಟಾಗಿ ತೋರುವದು. ಹೀಗೆ ಒಂದು ಕೇಡು ಇನ್ನೊಂದನ್ನು ಬೆಳಸುತ್ತದೆ.

ಮೂರನೆಯದು, ಮುಟ್ಟು. ಮೆದುಳಿನ ಬುಡದಿಂದ ಅಂಡಾಶಯಗಳಿಗೆ ತಿಂಗಳು ತಿಂಗಳು ಹೋಗಬೇಕಾದ ಅಪ್ಪಣೆಯು, ಚಿಂತೆಯೂ ಅರೆಹೊಟ್ಟೆಯೂ ಅತಿ ದುಡಿತವೂ ಕೂಡಿಬಂದಾಗ, ದುರ್ಬಲವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಆಗ ಮುಟ್ಟು ತಪ್ಪುವದು, ಇಲ್ಲವೆ ಕ್ರಮಗೆಡುವದು. ಇಂಥ ಸಮಯ ಮಗುವನ್ನು ಹೊರುವದಕ್ಕೆ ತಕ್ಕದ್ದಲ್ಲವೆಂದು ದೇಹವು ತಾನೇ ತೀರ್ಪು ಮಾಡಿದಂತಿರುತ್ತದೆ. ಇದನ್ನು ಅರಿಯದೆ ಇಂಥವಳನ್ನು ಬಂಜೆಯೆಂದು ಕರೆದು ಮತ್ತಷ್ಟು ಭಾರ ಹೊರಿಸುವದು ಎಂಥ ಅನ್ಯಾಯ!

ನಾಲ್ಕನೆಯದು, ಬಸಿರು ಮತ್ತು ಬಾಣಂತಿತನ. ಗರ್ಭಿಣಿಯು ಬಹುಕಾಲ ಕಠಿಣವಾದ ಮನೋಭಾರದಲ್ಲಿದ್ದರೆ ಮಗು ದಿನ ತುಂಬುವದಕ್ಕೆ ಮುಂಚೆ ಹುಟ್ಟುವ ಅಪಾಯವೂ, ಕಡಿಮೆ ತೂಕದ್ದಾಗಿ ಹುಟ್ಟುವ ಅಪಾಯವೂ ಹೆಚ್ಚುತ್ತವೆ. ಹೆತ್ತ ಮೇಲೆ ಕಳವಳದಲ್ಲಿರುವ ತಾಯಿಗೆ ಹಾಲು ಇಳಿಯುವದು ತಡವಾಗುತ್ತದೆ. ಬಾಣಂತಿಯು ಎರಡು ವಾರಗಳಾದರೂ ಅಳುತ್ತಾ, ಮಗುವಿನ ಮೇಲೆ ಮನಸ್ಸಿಲ್ಲದೆ ಇದ್ದರೆ ಅದು ಸೊಕ್ಕೂ ಅಲ್ಲ, ದೆವ್ವದ ಕಾಟವೂ ಅಲ್ಲ. ಬಾಣಂತಿಯರಿಗೆ ಬರುವ ಒಂದು ರೋಗ, ಮದ್ದಿರುವ ರೋಗ.

ಐದನೆಯದು, ಹೃದಯವೂ ರಕ್ತವೂ. ದೀರ್ಘಕಾಲ ಏರಿ ನಿಂತ ರಕ್ತದ ಒತ್ತಡವು ಹೃದಯಕ್ಕೂ ಮೆದುಳಿಗೂ ಅಪಾಯಕರ. ರಕ್ತದಲ್ಲಿ ಸಕ್ಕರೆಯನ್ನು ಏರಿಸುವದು ಕಾರ್ಟಿಸೋಲಿನ ಕೆಲಸವಾಗಿರುವದರಿಂದ ಸಕ್ಕರೆರೋಗವಿರುವವರಿಗೆ ಚಿಂತೆಯು ವಿಷದ ಹಾಗೆ. ರೋಗಗಳನ್ನು ಎದುರಿಸುವ ಶಕ್ತಿಯೂ ಕುಂದುತ್ತದೆ.

ಆರನೆಯದು, ಮನಸ್ಸು. ಬಹುಕಾಲದ ಭಾರವು ಕೊನೆಗೆ ಖಿನ್ನತೆಯೆಂಬ ರೋಗವಾಗಿ ತಿರುಗಬಹುದು. ಈ ರೋಗವು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚಾಗಿದೆ. ಯಾವದರಲ್ಲಿಯೂ ಸಂತೋಷವಿಲ್ಲದಿರುವದು, ತಾನು ಯಾತಕ್ಕೂ ಬಾರದವಳೆಂಬ ಭಾವನೆ, ಸತ್ತರೆ ಮೇಲು ಎಂಬ ಮಾತು, ಇವು ಅದರ ಗುರುತುಗಳು.

4. ಭಾರವು ಯಾತರಿಂದ ಬರುತ್ತದೆ?

ಹೆಂಗಸರ ಮನಸ್ಸು ಬಲಹೀನವಾಗಿರುವದರಿಂದ ಅವರಿಗೆ ಚಿಂತೆ ಹೆಚ್ಚೆಂದು ಕೆಲವರು ಹೇಳುತ್ತಾರೆ. ಆದರೆ ಲೆಕ್ಕವು ಏನು ಹೇಳುತ್ತದೆಂದು ನೋಡಿರಿ. ಭಾರತ ಸರಕಾರದವರು 2019ರಲ್ಲಿ, ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಮನೆ ಮನೆಗೆ ಹೋಗಿ ಎಣಿಸಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದರಲ್ಲಿ ಕಳೆದರು. ಅಂದರೆ ಒಬ್ಬಳಿಗೆ ಐದು ತಾಸು, ಒಬ್ಬನಿಗೆ ಸುಮಾರು ಒಂದೂವರೆ ತಾಸು. ಆ ಒಂದೂವರೆ ತಾಸು ಕೂಡ ಮನೆಗೆಲಸ ಮಾಡುವ ಗಂಡಸರ ಲೆಕ್ಕ; ಏನೂ ಮಾಡದವರು ಇದರಲ್ಲಿ ಸೇರಲಿಲ್ಲ.

ಇನ್ನು ಊಟವನ್ನು ನೋಡಿರಿ. ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದು ತಾಯಿಗೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವರುಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದ್ದದ್ದು ಕಂಡುಬಂತು. ರಕ್ತ ಕಡಿಮೆಯಾದ ದೇಹದ ಮೇಲೆ ಐದು ತಾಸಿನ ಮನೆಗೆಲಸ, ಅದರ ಮೇಲೆ ಕೂಲಿ, ಅದರ ಮೇಲೆ ಸಾಲದ ಚಿಂತೆ. ಮುರಿಯದ ನೊಗ ಯಾವದು?

ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ ಪಟೇಲರೆಂಬ ವೈದ್ಯರೂ ಅವರ ಜೊತೆಗಾರರೂ ಸುಮಾರು 2,500 ಹೆಂಗಸರನ್ನು ವಿಚಾರಿಸಿ 2005ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ನೂರರಲ್ಲಿ ಸುಮಾರು 12 ಮಂದಿ, ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಬಿಡದ ದಣಿವು ಇದೆಯೆಂದು ಹೇಳಿದರು. ಬಡತನ, ಗಂಡನ ಹೊಡೆತ ಬಡಿತ, ಮನಸ್ಸಿನ ಕಳವಳ ಇವು ಇದ್ದಲ್ಲಿ ಈ ದಣಿವು ಹೆಚ್ಚಾಗಿತ್ತು. ಬಿಳಿಸೆರಗಿನ ದೂರು ಹೇಳುವ ಹೆಂಗಸರನ್ನು ಪರೀಕ್ಷಿಸಿದಾಗಲೂ, ಸೋಂಕುರೋಗಕ್ಕಿಂತ ಮನಸ್ಸಿನ ಕಷ್ಟವೇ ಆ ದೂರಿನೊಂದಿಗೆ ಹೆಚ್ಚು ಸೇರಿಕೊಂಡಿರುವದು ಕಂಡುಬಂತು. ಇದರ ಅರ್ಥವೇನು? ಮನೆಯ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದವಳು ದೇಹದ ಕಷ್ಟವಾಗಿ ಅದನ್ನು ಹೇಳುತ್ತಾಳೆ. ಆಕೆ ಸುಳ್ಳಾಡುವದಿಲ್ಲ. ನೋವು ನಿಜವಾದದ್ದೇ, ಅದರ ಬೇರು ಮಾತ್ರ ಬೇರೆ ಕಡೆಯಲ್ಲಿದೆ.

5. ಎರಡು ತಪ್ಪುಗಳು

ಇಲ್ಲಿ ದಾರಿಯ ಎರಡು ಪಕ್ಕಗಳಲ್ಲಿಯೂ ಹಳ್ಳವಿದೆ. ಒಂದನೆಯ ತಪ್ಪು, ಚಿಂತೆಯು ರೋಗವೇ ಅಲ್ಲವೆಂದು ತಿರಸ್ಕರಿಸುವದು. ಎರಡನೆಯ ತಪ್ಪು, ಹೆಂಗಸಿನ ಎಲ್ಲಾ ರೋಗವೂ ಚಿಂತೆಯೇ ಎಂದು ತಳ್ಳಿಬಿಡುವದು. ಹಿಂದೆ ಹೊಟ್ಟೆಯ ಹುಣ್ಣು ಚಿಂತೆಯಿಂದಲೇ ಬರುತ್ತದೆಂದು ವೈದ್ಯರೂ ನಂಬಿದ್ದರು. ಆದರೆ ಆಸ್ಟ್ರೇಲಿಯದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು, ಬಹುತರ ಹುಣ್ಣುಗಳಿಗೆ ಒಂದು ಸೂಕ್ಷ್ಮಾಣುವೇ ಕಾರಣವೆಂದು ತೋರಿಸಿ 2005ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಂಥ ಹುಣ್ಣಿಗೆ ಸಮಾಧಾನದ ಮಾತು ಮದ್ದಲ್ಲ, ಗುಳಿಗೆಯೇ ಮದ್ದು.

ಆದಕಾರಣ ಮೊದಲು ದೇಹವನ್ನು ಪರೀಕ್ಷೆ ಮಾಡಿಸಬೇಕು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ರೋಗ, ಸಕ್ಕರೆರೋಗ, ರಕ್ತದ ಒತ್ತಡ, ಕ್ಷಯ, ಇವೆಲ್ಲವೂ ದಣಿವನ್ನೂ ನಿದ್ರಾಭಂಗವನ್ನೂ ಉಂಟುಮಾಡಬಲ್ಲವು. ಮುಟ್ಟು ತಪ್ಪಿದರೆ ಬಸಿರೋ ಅಲ್ಲವೋ ಎಂದು ಮೊದಲು ನೋಡಿಸಬೇಕು. ಹೃದಯಾಘಾತವು ಹೆಂಗಸರಲ್ಲಿ ಕೆಲವು ಸಾರಿ ಎದೆನೋವಿಗಿಂತ ಹೆಚ್ಚಾಗಿ ಉಬ್ಬಸ, ಓಕರಿಕೆ, ದವಡೆಯ ಅಥವಾ ಬೆನ್ನಿನ ನೋವು, ವಿಪರೀತ ದಣಿವು ಎಂಬೀ ರೂಪದಲ್ಲಿ ಬರುತ್ತದೆ. ಇದು ಟೆನ್ಶನ್, ಮಲಗಿಕೋ ಎಂದು ಹೇಳಿ ಪ್ರಾಣ ಹೋಗುವ ವರೆಗೆ ಕಾಯಬಾರದು. ಒಡನೆ ಆಸ್ಪತ್ರೆಗೆ ಒಯ್ಯಬೇಕು.

6. ಭಾರವನ್ನು ಇಳಿಸುವ ಬಗೆ

ಹೊರೆಯಿಂದ ಕುಗ್ಗಿದವಳಿಗೆ ಬೆನ್ನು ನೆಟ್ಟಗೆ ಮಾಡು ಎಂದು ಬುದ್ಧಿ ಹೇಳುವದರಿಂದ ಫಲವಿಲ್ಲ; ಹೊರೆಯಿಂದ ಎರಡು ಕಟ್ಟಿಗೆಯನ್ನು ತೆಗೆಯಬೇಕು. ಇದು ಈ ಪಾಠದ ಮುಖ್ಯ ಮಾತು.

ಮನೆಯವರು ಮಾಡತಕ್ಕದ್ದು. ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂಡಿ ಕುಳಿತು, ಬೆಳಗಿನಿಂದ ರಾತ್ರಿಯ ವರೆಗೆ ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂದು ಒಂದೊಂದಾಗಿ ಎಣಿಸಿರಿ. ಎಣಿಕೆ ಮುಗಿಯುವದರೊಳಗೆ ಗಂಡಸರಿಗೆ ನಾಚಿಕೆಯಾದರೆ ಅದು ಒಳ್ಳೇ ಆರಂಭ. ನೀರು ತರುವದು ಹುಡುಗನಿಗೆ, ಸೌದೆ ಗಂಡನಿಗೆ, ಅತ್ತೆಯ ರಾತ್ರಿಯ ಆರೈಕೆ ಸರದಿಯಂತೆ, ಹೀಗೆ ಎರಡು ಮೂರು ಕೆಲಸಗಳನ್ನಾದರೂ ತಾಯಿಯ ಕೈಯಿಂದ ಖಂಡಿತವಾಗಿ ತೆಗೆಯಿರಿ. ತಾಯಿಯು ಉಳಿದವರೊಂದಿಗೆ ಒಂದೇ ಹೊತ್ತಿಗೆ ಉಣ್ಣಲಿ. ಆಕೆಗೆ ಏಳು ತಾಸು ನಿದ್ರೆ ದೊರಕುವಂತೆ ಮನೆಯ ಕೆಲಸದ ಹೊತ್ತನ್ನು ಹೊಂದಿಸಿರಿ.

ತಾಯಿಯು ತಾನೇ ಮಾಡತಕ್ಕದ್ದು. ಹಾಸಿಗೆಯ ಮೇಲೆ ಕುಳಿತು, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಮೆಲ್ಲಗೆ ಬಿಡುವದನ್ನು ಐದು ನಿಮಿಷ ಮಾಡಲಿ. ಇದರಿಂದ ಹೃದಯವನ್ನು ಶಾಂತಪಡಿಸುವ ನರವು ಕೆಲಸ ಮಾಡಿ ತಮ್ಮಟೆಯ ಬಡಿತ ತಗ್ಗುತ್ತದೆ. ಸಾಯಂಕಾಲದ ಮೇಲೆ ಚಹವನ್ನು ಬಿಡಲಿ; ಅದು ನಿದ್ರೆಯನ್ನು ಓಡಿಸುತ್ತದೆ. ಬೇಸರಕ್ಕೆಂದು ಹೊಗೆಸೊಪ್ಪನ್ನು ಅಗಿಯುವ ಹೆಂಗಸರು ನಮ್ಮಲ್ಲಿ ಅನೇಕರಿದ್ದಾರೆ. ಅದು ಬೇಸರವನ್ನು ತೆಗೆಯುವದಿಲ್ಲ, ಬಾಯಿಗೆ ಅರ್ಬುದರೋಗವನ್ನು ತರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ನಂಬಿಕೆಗೆ ಪಾತ್ರಳಾದ ಒಬ್ಬ ಗೆಳತಿಗೆ ಮನಸ್ಸನ್ನು ಬಿಚ್ಚಿ ಹೇಳುವದು.

ನೆರೆಯವರು ಮಾಡತಕ್ಕದ್ದು. ಮನಸ್ಸನ್ನು ಬಿಚ್ಚಿ ಹೇಳಿದರೆ ಆಗುವದೇನೆಂದು ಕೇಳುವವರಿಗೆ ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದಿಂದ ಉತ್ತರ ಬಂದಿದೆ. ಅಲ್ಲಿಯ ಶೋನಾ ಭಾಷೆಯಲ್ಲಿ ಈ ರೋಗಕ್ಕೆ ಕುಫುಂಗಿಸಿಸ ಎಂದು ಹೆಸರು. ಮಿತಿಮೀರಿ ಯೋಚಿಸುವದು ಎಂದು ಅದರ ಅರ್ಥ. ನಮ್ಮ ಚಿಂತೆಯ ತಂಗಿಯೇ ಅಲ್ಲವೇ? ಆ ದೇಶದಲ್ಲಿ ಮನೋರೋಗದ ವೈದ್ಯರು ಬಹಳ ಕಡಿಮೆ. ಆದಕಾರಣ ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರಲ್ಲಿ ಹರಾರೆ ಪಟ್ಟಣದ ಎಂಬಾರೆ ಎಂಬ ಬಡಕೇರಿಯಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತು ಕೊಟ್ಟರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಅದಕ್ಕೆ ಸ್ನೇಹದ ಬೆಂಚು ಎಂದು ಹೆಸರಾಯಿತು. ಕಷ್ಟದಲ್ಲಿರುವವಳು ಅಜ್ಜಿಯ ಹತ್ತಿರ ಕುಳಿತು ಎಲ್ಲವನ್ನೂ ಹೇಳುತ್ತಾಳೆ. ಅಜ್ಜಿಯು ಬುದ್ಧಿ ಹೇಳುವದಕ್ಕೆ ಆತುರಪಡುವದಿಲ್ಲ. ಹೇಳಿದ ಕಷ್ಟಗಳಲ್ಲಿ ಒಂದನ್ನು ಆರಿಸು ಅನ್ನುತ್ತಾಳೆ. ಆ ಒಂದಕ್ಕೆ ಈ ವಾರ ಮಾಡಬಹುದಾದ ಚಿಕ್ಕ ಹೆಜ್ಜೆ ಯಾವದೆಂದು ಕೇಳುತ್ತಾಳೆ. ಮುಂದಿನ ವಾರ ತಿರುಗಿ ವಿಚಾರಿಸುತ್ತಾಳೆ. ಇದರ ಫಲವನ್ನು 573 ಮಂದಿಯಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಆರು ತಿಂಗಳಾದ ಮೇಲೆ, ಬೆಂಚಿನಲ್ಲಿ ಕುಳಿತವರ ಖಿನ್ನತೆಯೂ ಕಳವಳವೂ ಉಳಿದವರದಕ್ಕಿಂತ ಬಹಳ ಕಡಿಮೆಯಾಗಿದ್ದವು. ಬೆಂಚು ನಮ್ಮಲ್ಲಿ ಇಲ್ಲವೇ? ಜಗಲಿ ಇದೆ, ಅಜ್ಜಿಯರೂ ಇದ್ದಾರೆ. ಆದರೆ ಒಂದು ನಿಯಮವನ್ನು ಮರೆಯಬಾರದು: ಜಗಲಿಯಲ್ಲಿ ಕೇಳಿದ ಮಾತು ಬಾವಿಯ ಕಟ್ಟೆಗೆ ಹೋಗಕೂಡದು.

ವೈದ್ಯರಿಂದ ದೊರಕತಕ್ಕದ್ದು. ಮನೋರೋಗದ ಚಿಕಿತ್ಸೆಯು ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ದೊರಕಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ತೋರಿಸಿಕೊಟ್ಟರು. ಆ ಮಾದರಿಯಂತೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಆದಕಾರಣ ಆಶಾ ಕಾರ್ಯಕರ್ತೆಯನ್ನು ಕೇಳಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. 2022ರ ಅಕ್ಟೋಬರ್ ತಿಂಗಳಿಂದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯೂ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಸತ್ತರೆ ಮೇಲು ಎಂದು ಯಾವಳಾದರೂ ಹೇಳಿದರೆ ಅದನ್ನು ಬೆದರಿಕೆಯೆಂದು ಎಣಿಸಬೇಡಿರಿ. ಆಕೆಯನ್ನು ಒಂಟಿಯಾಗಿ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ವಿಷದ ಡಬ್ಬಿಯನ್ನು ಮನೆಯಿಂದ ತೆಗೆದು ಬೀಗದೊಳಗೆ ಇಡಿರಿ. ಅದೇ ದಿನ ವೈದ್ಯರ ಬಳಿಗೆ ಕರಕೊಂಡು ಹೋಗಿರಿ.

ತಾಳತಕ್ಕದ್ದಲ್ಲದ ಭಾರ. ಗಂಡನ ಹೊಡೆತವು ಉಸಿರಾಟದ ಅಭ್ಯಾಸದಿಂದ ಇಳಿಯುವ ಭಾರವಲ್ಲ. ಅದನ್ನು ತಾಳ್ಮೆಯಿಂದ ಸಹಿಸು ಎಂದು ಹೇಳುವವರು ಹೊಡೆಯುವವನಿಗೆ ಕೋಲು ಕೊಟ್ಟ ಹಾಗೆ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ಕಾಪಾಡುವ ಕಾಯಿದೆಯು 2005ರಲ್ಲಿ ಮಾಡಲ್ಪಟ್ಟಿತು. 181 ಎಂಬದು ಸ್ತ್ರೀಯರ ಸಹಾಯದ ಸಂಖ್ಯೆ, 112 ಎಂಬದು ತುರ್ತು ಸಹಾಯದ ಸಂಖ್ಯೆ. ಈ ಎರಡು ಸಂಖ್ಯೆಗಳನ್ನು ಪ್ರತಿಯೊಬ್ಬ ಹುಡುಗಿಗೂ ಬಾಯಿಪಾಠ ಮಾಡಿಸಿರಿ.

7. ಆ ಮನೆಗೆ ಹಿಂದಿರುಗೋಣ

ಮೊದಲು ಹೇಳಿದ ತಾಯಿಯ ಮನೆಗೆ ಹೋಗೋಣ. ಆ ಐದು ಮಂದಿಯೂ ಈ ಪಾಠವನ್ನು ಓದಿದ್ದರೆ ಏನಾದೀತು? ನೆರೆಯವಳು ಯಂತ್ರದ ಮಾತು ಬಿಟ್ಟು, ಬಾ, ನಾನೂ ಬರುತ್ತೇನೆ ಎಂದು ಆಕೆಯನ್ನು ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗುವಳು. ಅಲ್ಲಿ ರಕ್ತವನ್ನು ಪರೀಕ್ಷಿಸಿ ಕಬ್ಬಿಣದ ಗುಳಿಗೆ ಬೇಕಾದರೆ ಕೊಡುವರು, ರಕ್ತದ ಒತ್ತಡವನ್ನು ಅಳೆಯುವರು. ಅಂಗಡಿಯವನು, ಈ ಗುಳಿಗೆಯನ್ನು ದಿನಾಲೂ ನುಂಗಬೇಡ ತಾಯಿ ಎಂದು ಹೇಳುವನು. ಅತ್ತೆಯು ತನ್ನ ಕಾಲದ ಕಷ್ಟವನ್ನು ಸೊಸೆಯ ಮೇಲೆ ಎಸೆಯುವದನ್ನು ಬಿಟ್ಟು, ನನಗೂ ಹಾಗೆಯೇ ಇತ್ತು, ಯಾರೂ ಕೇಳಲಿಲ್ಲ ಎಂದು ಹೇಳುವಳು. ಒಂದೇ ಭಾರವನ್ನು ಹೊತ್ತ ಇಬ್ಬರು ಹೆಂಗಸರು ಒಬ್ಬರ ಮುಖವನ್ನೊಬ್ಬರು ಅಂದು ಮೊದಲ ಸಾರಿ ನೋಡುವರು. ಸಭೆಯ ಹಿರಿಯನು ತಾಳ್ಮೆಯ ಬೋಧನೆಯನ್ನು ಹೆಂಡತಿಯ ಬದಲಾಗಿ ಗಂಡನ ಬಳಿಗೆ ಒಯ್ದು, ಕೂಲಿಯ ಹಣವು ಮೊದಲು ಮನೆಗೆ ಬರುವಂತೆ ಅವನೊಡನೆ ಮಾತಾಡುವನು. ಪ್ರಾರ್ಥನೆಯು ಮನಸ್ಸಿಗೆ ಆಧಾರವೇ ಸರಿ. ಆದರೆ ತಾನು ಹೊರಬಹುದಾದ ಕೊಡವನ್ನು ಹೊರದೆ ಆಕೆಗಾಗಿ ಪ್ರಾರ್ಥಿಸುತ್ತೇನೆಂದು ಹೇಳುವವನ ಮಾತನ್ನು ಯಾರು ನಂಬುವರು?

ಹೀಗೆ ಮಾಡಿದರೆ ಸಾಲವು ಒಂದೇ ದಿನದಲ್ಲಿ ತೀರಿಹೋಗುವದಿಲ್ಲ, ಅತ್ತೆಯ ರೋಗವೂ ಹೋಗುವದಿಲ್ಲ. ಆದರೆ ಐದು ಮಂದಿಯ ಐದು ಹಿಡಿ ಭಾರವು ಒಬ್ಬಳ ತಲೆಯಿಂದ ಇಳಿಯುವದು. ತಮ್ಮಟೆಯು ಕೆಲವು ರಾತ್ರಿಗಳಾದರೂ ಸುಮ್ಮನಾಗುವದು. ದೇಹವು ತನ್ನ ನಿಂತ ಕೆಲಸಗಳಿಗೆ ಮೆಲ್ಲಮೆಲ್ಲಗೆ ತಿರುಗಿಕೊಳ್ಳುವದು. ನಿದ್ರೆ ಬರುವದು, ಉಂಡದ್ದು ಮೈಗೆ ಹತ್ತುವದು. ಒಂದು ಬೆಳಿಗ್ಗೆ ಆ ಮನೆಯ ಕೊಟ್ಟಿಗೆಯಿಂದ ಹಳೇ ಹಾಡು ಕೇಳಿಬಂದರೆ ಆಶ್ಚರ್ಯಪಡಬೇಡಿರಿ.

ವಾಚಕರೇ, ಇಂದು ರಾತ್ರಿ ದೀಪ ಆರಿಸುವದಕ್ಕೆ ಮೊದಲು ನಿಮ್ಮ ಮನೆಯ ತಾಯಿಯನ್ನು, ಹೆಂಡತಿಯನ್ನು, ಮಗಳನ್ನು ಒಂದು ಮಾತು ಕೇಳಿರಿ: ನಿನ್ನ ಮೇಲೆ ಎಷ್ಟು ಭಾರವಿದೆ? ಕೇಳಿ ಸುಮ್ಮನಿರಿ. ಉತ್ತರ ಬರುವದು ತಡವಾದರೂ ಕಾಯಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಶರೀರದ ತಮ್ಮಟೆ ಯಾವಾಗ ಉಪಕಾರ ಮಾಡುತ್ತದೆ? ಯಾವಾಗ ಕೇಡು ಮಾಡುತ್ತದೆ?

2. ಮನೋಭಾರದಿಂದ ಸ್ತ್ರೀಯರ ದೇಹದಲ್ಲಿ ಕಾಣುವ ಆರು ವಿಧವಾದ ಗುರುತುಗಳು ಯಾವವು?

3. ಎಲ್ಲಾ ರೋಗವನ್ನೂ ಚಿಂತೆಯೆಂದು ಹೇಳುವದರಿಂದ ಆಗುವ ಅಪಾಯವೇನು?

4. ನಿಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ವರೆಗಿನ ಕೆಲಸಗಳನ್ನು ಎಣಿಸಿ ಹೇಳಿರಿ. ಅವುಗಳಲ್ಲಿ ಯಾವ ಎರಡನ್ನು ಗಂಡಸರು ಈ ವಾರದಿಂದ ವಹಿಸಿಕೊಳ್ಳಬಲ್ಲರು?

5. ಸ್ನೇಹದ ಬೆಂಚಿನ ಅಜ್ಜಿಯು ಬುದ್ಧಿ ಹೇಳುವದಕ್ಕೆ ಬದಲಾಗಿ ಏನು ಕೇಳುತ್ತಾಳೆ? ನಮ್ಮ ಊರಿನಲ್ಲಿ ಅಂಥ ಜಗಲಿ ಯಾರ ಮನೆಯದಾಗಬಹುದು?

6. 14416, 181, 112 ಎಂಬ ಸಂಖ್ಯೆಗಳು ಯಾತಕ್ಕಾಗಿ ಇವೆ?